ಕೊರೆಯದೆ ಉಳಿದ ಏಳು ಹಲ್ಲುಗಳು

2023ರ ಆಗಸ್ಟ್ ತಿಂಗಳ ಒಂದು ಬುಧವಾರ. ಹೊರಗೆ ಜೋರು ಮಳೆ. ಕಿಂಗ್ಸ್ ಸರ್ಕಲ್‌ನಲ್ಲಿ ಎಂದಿನಂತೆ ನೀರು ನಿಂತಿತ್ತು. ಅಪಾಯಿಂಟ್‌ಮೆಂಟ್ ತಗೊಂಡವರು ಯಾರೂ ಬರಲಿಲ್ಲ. ಬಂದದ್ದು ಅಪಾಯಿಂಟ್‌ಮೆಂಟ್ ಇಲ್ಲದ ಒಬ್ಬ ಹುಡುಗ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ನೀರು ತಾಗದ ಹಾಗೆ ಸುತ್ತಿಟ್ಟ ಒಂದು ಕಾಗದ.

ನಾನು ಮುಂಬೈಯ ಮಾಟುಂಗಾದಲ್ಲಿ ಹಲ್ಲಿನ ಡಾಕ್ಟರ್. ನನ್ನ ಬಳಿ ಬರುವವರಲ್ಲಿ ಕನ್ನಡದವರು ಜಾಸ್ತಿ. ಹೋಟೆಲಿನವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಅವರ ಮಕ್ಕಳು, ಮೊಮ್ಮಕ್ಕಳು. ಈ ಪ್ರಕರಣ ಅವರಲ್ಲಿ ಒಬ್ಬನದು. ಅವನನ್ನು ಕೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರಾಗಲಿ, ಕೆಲಸ ಮಾಡುವ ಹೋಟೆಲಾಗಲಿ ಇಲ್ಲಿ ಬರುವುದಿಲ್ಲ.

ಕಾಗದದಲ್ಲಿದ್ದದ್ದು ಬೇರೊಂದು ಕ್ಲಿನಿಕ್ಕಿನವರು ಬರೆದುಕೊಟ್ಟ ಖರ್ಚಿನ ಲೆಕ್ಕ. ಎಂಟು ಹಲ್ಲು ಹಾಳಾಗಿವೆ. ಎರಡಕ್ಕೆ ಕೊರೆದು ಸಿಮೆಂಟ್ ತುಂಬಬೇಕು. ಮೇಲಿನ ಸಾಲಿನ ಮುಂದಿನ ಆರು ಹಲ್ಲುಗಳನ್ನು ತೇಯ್ದು ಕ್ಯಾಪ್ ಹಾಕಬೇಕು. ಒಟ್ಟು 52,000 ರೂಪಾಯಿ. ಹುಡುಗನಿಗೆ ಆಗ 23 ವರ್ಷ. ಕುಂದಾಪುರದ ಕಡೆಯವನು. ಉಡುಪಿ ಹೋಟೆಲೊಂದರಲ್ಲಿ ಚಹಾ-ಕಾಫಿ ಕೌಂಟರ್ ಅವನದೇ.

"ಸೇಠ್ರ ಹತ್ರ ಸಾಲ ಕೇಳಿದ್ದೆ ಡಾಕ್ಟ್ರೇ. ಕೊಡ್ತೇನೆ ಅಂದಿದ್ದಾರೆ. ಒಂದ್ಸಲ ನೀವೂ ನೋಡಿ ಹೇಳಿ, ಎಂತ ಮಾಡುದು ಅಂತ."

ಬಾಯಿ ತೆರೆಸಿ ನೋಡಿದೆ. ಮುಂದಿನ ಆರೂ ಹಲ್ಲುಗಳಲ್ಲಿ, ವಸಡಿಗೆ ಅಂಟಿಕೊಂಡ ಹಾಗೆ, ಸೀಮೆಸುಣ್ಣ ಬಳಿದಂಥ ಬಿಳಿ ಗೆರೆ. ವಸಡು ಕೆಂಪಾಗಿ ಊದಿತ್ತು, ಮುಟ್ಟಿದರೆ ರಕ್ತ. ಗೆರೆಯ ಮೇಲೆ ದಪ್ಪ ಪಾಚಿ, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಮೆತ್ತನೆಯ ಕೊಳೆ.

ಮೊದಲು ಪಾಚಿಯನ್ನು ಒರೆಸಿ ತೆಗೆದೆ. ಆಮೇಲೆ ನಾನು ಮಾಡಿದ್ದು ತುಂಬಾ ಸಣ್ಣ ಕೆಲಸ, ಆದರೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಗಾಳಿ ಬಿಡುವ ಸಿರಿಂಜ್ ಹಿಡಿದು ಒಂದೊಂದು ಹಲ್ಲಿನ ಮೇಲೂ ಐದು ಸೆಕೆಂಡ್ ಗಾಳಿ ಊದಿದೆ. ಹಲ್ಲು ಒಣಗುತ್ತಿದ್ದಂತೆ ಬಿಳಿ ಗೆರೆ ಇನ್ನಷ್ಟು ಅಗಲವಾಯಿತು. ಒದ್ದೆಯಿದ್ದಾಗ ಅರ್ಧ ಅಕ್ಕಿಕಾಳಿನಷ್ಟು ಕಾಣುತ್ತಿದ್ದದ್ದು, ಒಣಗಿದ ಮೇಲೆ ಪೂರ್ತಿ ಅಕ್ಕಿಕಾಳಿನಷ್ಟಾಯಿತು. ಕನ್ನಡಿ ಕೊಟ್ಟು ಅವನಿಗೂ ತೋರಿಸಿದೆ. ನಾಲಿಗೆಯಿಂದ ಸವರಿಕೊಳ್ಳಲು ಹೇಳಿದೆ. ಗೆರೆ ಮತ್ತೆ ಮಸುಕಾಯಿತು. ಅವನು ಬೆರಗಾಗಿ ಮೂರು ಸಲ ಮಾಡಿ ನೋಡಿದ.

ಇದಕ್ಕೆ ಕಾರಣ ಸರಳ. ಬಿಳಿ ಪಂಚೆ ಒದ್ದೆಯಾದರೆ ಒಳಗಿನದು ಕಾಣುತ್ತದೆ, ಒಣಗಿದರೆ ಮತ್ತೆ ಅಚ್ಚಬಿಳಿ, ಅಲ್ವಾ? ನೂಲಿನ ಸಂದುಗಳಲ್ಲಿ ನೀರಿದ್ದರೆ ಬೆಳಕು ಹೆಚ್ಚು ಚದುರದೆ ಒಳಗೆ ಹೋಗುತ್ತದೆ. ಗಾಳಿಯಿದ್ದರೆ ಚದುರಿ ಹೋಗುತ್ತದೆ. ಹಲ್ಲಿನಲ್ಲೂ ಅದೇ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ ಇರುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳುಗಳು. ಅದರೊಳಗಿಂದ ಖನಿಜ ಕರಗಿ ಹೋದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿಯುತ್ತವೆ. ಆ ತೂತುಗಳಲ್ಲಿ ಗಾಳಿ ತುಂಬಿದಾಗ ಬಿಳಿ ಕಾಣುತ್ತದೆ. ಅಂದರೆ ಈ ಬಿಳಿ ಹಲ್ಲಿಗೆ ಅಂಟಿದ ಕಲೆಯಲ್ಲ. ಹಲ್ಲಿನೊಳಗಿನ ಖಾಲಿ ಜಾಗ.

ಇನ್ನೊಂದು ವಿಷಯ ಇದೆ. ಖನಿಜ ಹೋಗುವುದು ಹೊರಮೈಯಿಂದಲ್ಲ, ಹೊರಮೈಯ ಸ್ವಲ್ಪ ಕೆಳಗಿನಿಂದ. ಮೇಲೊಂದು ತೆಳುವಾದ ಪದರ ಹಾಗೇ ಉಳಿದಿರುತ್ತದೆ. ಮೇಲಿನ ಹೆಂಚು ಇದೆ, ಒಳಗಿನ ಪಕಾಸಿ ಟೊಳ್ಳು. ಆ ಮೇಲಿನ ಪದರ ಇರುವ ತನಕ ಒಳಗೆ ಖನಿಜ ವಾಪಸ್ ಹೋಗಿ ಕೂರಬಹುದು. ಅದು ಮುರಿದು ಗುಳಿ ಬಿತ್ತು ಅಂದರೆ ಗುಳಿ ತಾನಾಗಿ ತುಂಬುವುದಿಲ್ಲ. ಹಾಗಾಗಿ ಇಂಥ ಜಾಗವನ್ನು ಚೂಪಾದ ಕಡ್ಡಿಯಿಂದ ಚುಚ್ಚಿ ಪರೀಕ್ಷೆ ಮಾಡಲೇಬಾರದು. ಎಷ್ಟೋ ಸಲ ಉಳಿಯಬಹುದಾಗಿದ್ದ ಪದರವನ್ನು ನಮ್ಮ ಕಡ್ಡಿಯೇ ಒಡೆಯುತ್ತದೆ. ಕಾಲೇಜಿನಲ್ಲಿ ನಮಗೆ ಚುಚ್ಚಿ ನೋಡುವುದನ್ನೇ ಕಲಿಸಿದ್ದರು. ಆ ಅಭ್ಯಾಸ ಬಿಡಲು ನನಗೆ ವರ್ಷಗಳೇ ಹಿಡಿದವು. ಈಗ ತುದಿಯಲ್ಲಿ ಗುಂಡಿರುವ ಮೊಂಡು ಪ್ರೋಬ್ ಬಳಸುತ್ತೇನೆ, ಅದೂ ಮೆಲ್ಲಗೆ ಸವರಲು ಮಾತ್ರ.

ಸವರಿದೆ. ಆರೂ ಗೆರೆಗಳು ಒರಟು, ಆದರೆ ಗುಳಿ ಎಲ್ಲೂ ಇಲ್ಲ. ಹೊಳಪಿಲ್ಲದೆ, ಒರಟಾಗಿ, ಪಾಚಿಯ ಕೆಳಗೆ ಇದ್ದರೆ ರೋಗ ಈಗಲೂ ನಡೆಯುತ್ತಿದೆ ಎಂದು ಅರ್ಥ. ಹೊಳಪು ಬಂದು ನುಣುಪಾಗಿದ್ದರೆ ನಿಂತಿದೆ ಎಂದು ಅರ್ಥ. ಈ ಹುಡುಗನದು ನಡೆಯುತ್ತಿತ್ತು.

ಎಕ್ಸ್‌ರೇ ತೆಗೆದೆ. ಕೆಳಗಿನ ಎಡಗಡೆಯ ಮೊದಲ ದವಡೆಹಲ್ಲಿನಲ್ಲಿ ಹುಳುಕು ಎನಾಮಲ್ ದಾಟಿ ಒಳಪದರಕ್ಕೆ ಇಳಿದಿತ್ತು, ಮೇಲೂ ಗುಳಿ ಬಿದ್ದಿತ್ತು. ಅದಕ್ಕೆ ತುಂಬಿಸಲೇಬೇಕು, ಬೇರೆ ದಾರಿ ಇಲ್ಲ. ಮೇಲಿನ ಎಡಗಡೆಯ ಒಂದು ಸಣ್ಣ ದವಡೆಹಲ್ಲಿನ ಸಂದಿಯಲ್ಲಿ ಕಪ್ಪು ನೆರಳು ಕಂಡಿತು. ಅದು ಎನಾಮಲ್‌ನ ಒಳ ಅರ್ಧದವರೆಗೆ ಬಂದಿತ್ತು, ದಾಟಿರಲಿಲ್ಲ. ಆ ಕ್ಲಿನಿಕ್ಕಿನವರು ಇದನ್ನೂ ಕೊರೆಯಬೇಕು ಎಂದಿದ್ದರು. ನನಗೆ ಹಾಗನ್ನಿಸಲಿಲ್ಲ.

ಒಟ್ಟಿನಲ್ಲಿ ಎಂಟರಲ್ಲಿ ಒಂದಕ್ಕೆ ಕೊರೆತ. ಉಳಿದ ಏಳನ್ನು ಉಳಿಸಿ ನೋಡೋಣ ಎಂದೆ. ಹಲ್ಲನ್ನು ಒಂದು ಸಲ ತೇಯ್ದರೆ ಆ ಎನಾಮಲ್ ಮತ್ತೆ ಬರುವುದಿಲ್ಲ. ಕ್ಯಾಪ್‌ಗೂ ಒಂದು ಆಯಸ್ಸಿದೆ. 23ನೇ ವಯಸ್ಸಿನಲ್ಲಿ ಹಾಕಿದ್ದನ್ನು ಮುಂದೆ ಒಂದೆರಡು ಸಲವಾದರೂ ಬದಲಿಸಬೇಕಾಗುತ್ತದೆ, ಪ್ರತಿ ಸಲವೂ ಒಳಗಿನ ಹಲ್ಲು ಸ್ವಲ್ಪ ಸವೆಯುತ್ತದೆ. ಇದನ್ನು ಅವನಿಗೆ ಬಿಡಿಸಿ ಹೇಳಿದೆ.

ಮಾತ್ರೆ ನುಂಗಿದರೆ ಆಗುವುದಿಲ್ಲವೇ?

ಹುಡುಗ ಜೇಬಿನಿಂದ ಇನ್ನೊಂದು ವಸ್ತು ತೆಗೆದ. ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್. ಹಲ್ಲು ಬೆಳ್ಳಗಾಗುತ್ತಿರುವುದು ಕಂಡು ಮೆಡಿಕಲ್ ಶಾಪಿನವರನ್ನು ಕೇಳಿ ನಾಲ್ಕು ತಿಂಗಳಿನಿಂದ ದಿನಕ್ಕೊಂದು ನುಂಗುತ್ತಿದ್ದ. "ಕ್ಯಾಲ್ಸಿಯಂ ಕಮ್ಮಿ ಆಗಿದೆ ಅಂತ ಅಂದ್ಕೊಂಡೆ."

ಹೀಗೆ ಅಂದುಕೊಳ್ಳುವವರು ತುಂಬಾ ಜನ ಇದ್ದಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೂಳೆ ಮತ್ತು ಹಲ್ಲು ಎರಡೂ ಗಟ್ಟಿ, ಎರಡರಲ್ಲೂ ಕ್ಯಾಲ್ಸಿಯಂ. ಆದರೆ ಎರಡೂ ಒಂದೇ ಅಲ್ಲ. ಮೂಳೆಗೆ ರಕ್ತ ಹರಿಯುತ್ತದೆ, ಮೂಳೆಯಲ್ಲಿ ಜೀವಕೋಶಗಳಿವೆ. ಹಳೆಯದನ್ನು ಕೆಡವುವವು ಕೆಲವು, ಹೊಸದನ್ನು ಕಟ್ಟುವವು ಕೆಲವು. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ ಹೋಗಬಲ್ಲದು, ಅದಕ್ಕೆ ವಿಟಮಿನ್ ಡಿ ಜೊತೆಗಿರಬೇಕು. ಎನಾಮಲ್‌ಗೆ ಇದ್ಯಾವುದೂ ಇಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ರಕ್ತನಾಳವೂ ಇಲ್ಲ. ಬಂದ ಹಲ್ಲಿನ ಎನಾಮಲ್‌ಗೆ ನೀವು ನುಂಗಿದ ಮಾತ್ರೆ ತಲುಪಲು ದಾರಿಯೇ ಇಲ್ಲ.

ಬಸುರಿಯ ಹಲ್ಲಿನಿಂದ ಮಗು ಸುಣ್ಣ ಎಳೆದುಕೊಳ್ಳುತ್ತದೆ, ಹಡೆದಷ್ಟು ಸಲ ಹಲ್ಲು ಹೋಗುತ್ತದೆ ಎಂಬ ಮಾತನ್ನು ನಮ್ಮ ಅಜ್ಜಿಯಂದಿರು ನಂಬಿದ್ದರು. ಅದೂ ಸರಿಯಲ್ಲ. ಆ ತಿಂಗಳುಗಳಲ್ಲಿ ವಾಂತಿಯ ಹುಳಿ, ಆಗಾಗ ತಿನ್ನುವುದು, ಬ್ರಷ್ ಬಾಯಿಗಿಟ್ಟರೆ ಹೊಟ್ಟೆ ತೊಳಸುವುದು, ಇವೆಲ್ಲ ಸೇರಿ ಹಲ್ಲು ಕೆಡುತ್ತದೆ. ಮಗು ಎಳೆದುಕೊಂಡದ್ದಲ್ಲ.

ಹಾಗಾದರೆ ಎನಾಮಲ್‌ಗೆ ಖನಿಜ ಎಲ್ಲಿಂದ ಬರಬೇಕು? ಬಾಯಿಯ ಜೊಲ್ಲಿನಿಂದ. ಜೊಲ್ಲು ಅಂದರೆ ನಾವು ಮುಖ ಸಿಂಡರಿಸುತ್ತೇವೆ. ಅದರಷ್ಟು ಒಳ್ಳೆಯ ಔಷಧಿ ಹಲ್ಲಿಗೆ ಇನ್ನೊಂದಿಲ್ಲ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಊರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಬೇಕಾದಷ್ಟಿವೆ. ಬಾಯಿ ಹುಳಿಯಾಗದೆ ಇದ್ದಾಗ ಅವು ತಾವಾಗಿ ಹಲ್ಲಿನ ಕಡೆ ಹೋಗಿ ಕೂರಲು ಕಾಯುತ್ತಿರುತ್ತವೆ. ಬಾಯಿ ಹುಳಿಯಾದರೆ ದಿಕ್ಕು ತಿರುಗುತ್ತದೆ, ಹಲ್ಲಿನಿಂದ ಜೊಲ್ಲಿಗೆ ಹರಿಯುತ್ತದೆ. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಆ ಗಡಿ ಪಿಎಚ್ 5.5ರ ಆಸುಪಾಸಿನಲ್ಲಿದೆ.

ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹುಳಿ ಬಿಡುತ್ತವೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಇದನ್ನು ಅಳೆದು ತೋರಿಸಿದರು. ಸಕ್ಕರೆ ನೀರು ಬಾಯಿಗೆ ಹೋದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ ಧಡಕ್ಕನೆ ಇಳಿಯುತ್ತದೆ. ಮತ್ತೆ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇಳಿಯುವುದು ಬೇಗ, ಏರುವುದು ನಿಧಾನ. ಈ ಹುಡುಗನ ಕತೆಯೆಲ್ಲ ಇಷ್ಟರಲ್ಲೇ ಇದೆ.

ಇದನ್ನೆಲ್ಲ ಕೇಳಿ ಅವನು ಒಂದು ಮಾತು ಹೇಳಿದ. ಊರಲ್ಲಿ ಅಪ್ಪ ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತಾರಂತೆ. "ನಮ್ದು ಮುರಕಲ್ಲು ಮಣ್ಣು ಡಾಕ್ಟ್ರೇ. ಮಳೆಗೆ ಸತ್ವ ಎಲ್ಲಾ ತೊಳ್ಕೊಂಡು ಹೋಗಿ ಹುಳಿ ಆಗ್ತದೆ. ಸುಣ್ಣ ಹಾಕಿದ ಕೂಡ್ಲೇ ಗೊಬ್ಬರ ಹಾಕ್ಬಾರ್ದು ಅಂತಾರೆ ಅಪ್ಪ. ಸ್ವಲ್ಪ ದಿನ ಸುಮ್ನೆ ಬಿಡ್ಬೇಕಂತೆ." ಕರಾವಳಿಯ ಜೋರು ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗುವುದು ನಿಜ, ಮಣ್ಣು ಹುಳಿಯಾಗುವುದೂ ನಿಜ. ಸುಣ್ಣ ಆ ಹುಳಿ ಮುರಿಯುತ್ತದೆ, ಕ್ಯಾಲ್ಸಿಯಂ ಕೂಡ ಕೊಡುತ್ತದೆ. ನನಗೆ ಅರ್ಧ ಗಂಟೆಯಿಂದ ಹೇಳಲು ಬಾರದೆ ಇದ್ದದ್ದನ್ನು ಅವನು ತೋಟದಿಂದ ತಂದು ಇಟ್ಟಿದ್ದ. ಬಾಯಿಯನ್ನೂ ಹಾಗೇ ಸ್ವಲ್ಪ ಹೊತ್ತು ಸುಮ್ನೆ ಬಿಡಬೇಕು. ಆಮೇಲೆ ಪ್ರತಿ ಭೇಟಿಯಲ್ಲೂ ನಾವಿಬ್ಬರೂ ಅದೇ ಮಾತು ಬಳಸಿದೆವು.

ಮೊದಲ ಮೂರು ತಿಂಗಳು

ಅವನ ದಿನಚರಿ ಹೀಗಿತ್ತು. ಬೆಳಿಗ್ಗೆ ಐದಕ್ಕೆ ಏಳುವುದು. ಕಪ್ಪು ಹಲ್ಲುಪುಡಿಯಲ್ಲಿ ಬೆರಳಿನಿಂದ ಒಂದು ಸಲ ಉಜ್ಜುವುದು. ಐದೂವರೆಗೆ ಕೌಂಟರಿನಲ್ಲಿ. ಮಧ್ಯಾಹ್ನ ಮೂರೂವರೆಯಿಂದ ಆರರವರೆಗೆ ಬಿಡುವು. ರಾತ್ರಿ ಹನ್ನೊಂದೂವರೆಗೆ ಕೊನೆಯ ಚಹಾ ಕುಡಿದು ಅಡುಗೆಮನೆ ಮೇಲಿನ ಅಟ್ಟದಲ್ಲಿ ಮಲಗುವುದು. ದಿನಕ್ಕೆ ಒಂಬತ್ತು ಚಹಾ. ಹೋಟೆಲಿನ ಚಹಾ ಅಂದರೆ ಗೊತ್ತಲ್ಲ, ಸಕ್ಕರೆ ಮುಂದು. ಗಿರಾಕಿಗಳ ನಡುವೆ ಗ್ಲಾಸು ಪಕ್ಕದಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಇಪ್ಪತ್ತು ನಿಮಿಷ ಕುಡಿಯುತ್ತಿದ್ದ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಚಹಾ ಇಪ್ಪತ್ತು ನಿಮಿಷ, ಆಮೇಲೆ ಬಾಯಿ ಸರಿಹೋಗಲು ಕಮ್ಮಿ ಅಂದರೂ ಮೂವತ್ತು ನಿಮಿಷ. ಒಂಬತ್ತು ಚಹಾಕ್ಕೆ ಏಳೂವರೆ ಗಂಟೆ. ಅದರ ಮೇಲೆ ಸಕ್ಕರೆ ಬಾಯಲ್ಲಿಟ್ಟುಕೊಂಡೇ ನಿದ್ದೆ. ನಿದ್ದೆಯಲ್ಲಿ ಜೊಲ್ಲು ಊರುವುದು ತೀರಾ ಕಮ್ಮಿ. ರಿಪೇರಿಯವನು ರಜೆಯಲ್ಲಿರುವಾಗ ಕಳ್ಳನನ್ನು ಮನೆಯೊಳಗೆ ಬಿಟ್ಟ ಹಾಗೆ.

ಚಹಾ ಬಿಡು ಎಂದು ನಾನು ಹೇಳಲಿಲ್ಲ. ಚಹಾ ಮಾಡುವವನಿಗೆ ಹಾಗೆ ಹೇಳಿ ಪ್ರಯೋಜನವಿಲ್ಲ. ನಾಲ್ಕು ಸಲ ಕುಡಿ, ಐದೇ ನಿಮಿಷದಲ್ಲಿ ಮುಗಿಸು, ಕೂಡಲೇ ಒಂದು ಗುಟುಕು ನೀರು ಮುಕ್ಕಳಿಸಿ ನುಂಗು ಎಂದೆ. ಆಗ ಏಳೂವರೆ ಗಂಟೆ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಹನ್ನೊಂದೂವರೆಯ ಚಹಾ ಮಾತ್ರ ಪೂರ್ತಿ ಬೇಡ.

ಹಲ್ಲುಪುಡಿ ಬದಲು ಫ್ಲೋರೈಡ್ ಇರುವ ಪೇಸ್ಟ್. ನಮ್ಮ ದೇಶದಲ್ಲಿ ಟೂತ್‌ಪೇಸ್ಟಿನ ಫ್ಲೋರೈಡ್‌ಗೆ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ, ಮಿತಿ ಇದೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದಿ ತಗೊಳ್ಳುವುದನ್ನು ಕಲಿಸಿದೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಉಜ್ಜಿದ ಮೇಲೆ ನೊರೆ ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು. ನಮ್ಮವರಿಗೆ ಇದು ತುಂಬಾ ಕಷ್ಟ. ಬಾಯಿ ತೊಳೆಯದಿದ್ದರೆ ಉಜ್ಜಿದ ಹಾಗೇ ಅನ್ನಿಸುವುದಿಲ್ಲ. ಆದರೆ ಮುಕ್ಕಳಿಸಿದರೆ ದುಡ್ಡು ಕೊಟ್ಟು ತಂದ ಫ್ಲೋರೈಡ್ ಸಿಂಕಿನ ಪಾಲು.

ಮುಂದಿನ ಬುಧವಾರ, ಅವನ ವಾರದ ರಜೆಯ ದಿನ, ದವಡೆಹಲ್ಲಿಗೆ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್ ತುಂಬಿದೆ. ಅದೇ ಫ್ಲೋರೈಡ್ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ. ಉಳಿದ ಏಳು ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿದೆ. ಹಳದಿ ಅಂಟು, ಜೇನಿನ ಹಾಗೆ. ಸೋಡಿಯಂ ಫ್ಲೋರೈಡ್ 5 ಶೇಕಡಾ, ಅಂದರೆ 22,600 ಪಿಪಿಎಂ. ಸಣ್ಣ ಬ್ರಷ್‌ನಲ್ಲಿ ತೆಳ್ಳಗೆ ಎಳೆದರೆ ಜೊಲ್ಲು ತಾಗಿದ ಕೂಡಲೇ ಗಟ್ಟಿಯಾಗಿ ಕೂರುತ್ತದೆ. ನಾಲ್ಕು ಗಂಟೆ ಬಿಸಿ ಕುಡಿಯುವ ಹಾಗಿಲ್ಲ, ಆ ರಾತ್ರಿ ಬ್ರಷ್ ಮಾಡುವ ಹಾಗಿಲ್ಲ. ರಜೆಯ ದಿನವೇ ಕರೆದದ್ದು ಅದಕ್ಕೇ. ಕೌಂಟರಿನಲ್ಲಿ ನಿಂತವನು ನಾಲ್ಕು ಗಂಟೆ ಚಹಾ ರುಚಿ ನೋಡದೆ ಇರಲು ಆಗುವುದಿಲ್ಲ.

ಫ್ಲೋರೈಡ್ ಖನಿಜವನ್ನು ಹಲ್ಲಿನ ಕಡೆ ಬೇಗ ಎಳೆಯುತ್ತದೆ. ಅದು ಸೇರಿ ಕಟ್ಟಿದ ಹರಳು ಮೊದಲಿನದಕ್ಕಿಂತ ಗಟ್ಟಿ. ಪಿಎಚ್ 4.5ರ ಹತ್ತಿರ ಬರುವ ತನಕ ಕರಗುವುದಿಲ್ಲ.

ಈ ನಡುವೆ ಒಂದು ತಡೆ ಬಂತು. ಅದೇ ಹೋಟೆಲಿನಲ್ಲಿ ಗದಗದ ಮುಂಡರಗಿ ಕಡೆಯ ಒಬ್ಬರು ಕೆಲಸಕ್ಕಿದ್ದಾರೆ. ವಯಸ್ಸು ಐವತ್ತರ ಮೇಲೆ. ಅವರ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ. "ಫ್ಲೋರೈಡ್ ಅಂದ್ರ ವಿಷ. ನಮ್ಮೂರ ಬೋರ್‌ವೆಲ್ ನೀರಿನ್ಯಾಗ ಅದ ಇತ್ತು. ನನ್ನ ಹಲ್ಲು ನೋಡು, ನಮ್ಮವ್ವನ ಮೊಣಕಾಲ ನೋಡು" ಎಂದು ಹುಡುಗನಿಗೆ ಹೇಳಿದರಂತೆ. ಹುಡುಗ ಹೆದರಿ ಪೇಸ್ಟ್ ನಿಲ್ಲಿಸಿ, ಒಂದು ವಾರ ಬಿಟ್ಟು ನನಗೆ ಫೋನ್ ಮಾಡಿದ.

ಅವರು ಹೇಳಿದ್ದು ಸುಳ್ಳಲ್ಲ. ಮುಂಡರಗಿ, ಪಾವಗಡದಂಥ ಕಡೆ ಜನ ಇದರಿಂದ ಪಟ್ಟ ಕಷ್ಟ ಸಣ್ಣದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ, ಹಲ್ಲು ಇನ್ನೂ ದವಡೆಯೊಳಗೆ ತಯಾರಾಗುತ್ತಿರುವ ಮಕ್ಕಳ ಎನಾಮಲ್ ಕೆಡುತ್ತದೆ. ಇನ್ನೂ ಜಾಸ್ತಿಯಾದರೆ ದೊಡ್ಡವರ ಮೂಳೆಯೂ ಬಿಗಿದುಕೊಳ್ಳುತ್ತದೆ, ಬಾಗುತ್ತದೆ. ಆದರೆ ಅದು ಹೊಟ್ಟೆಗೆ ಹೋದ ಫ್ಲೋರೈಡ್, ಬಾಲ್ಯದಿಂದ ಪ್ರತಿದಿನ ಹೋದದ್ದು. ಇಲ್ಲಿ ಹಲ್ಲು ಪೂರ್ತಿ ಬೆಳೆದು ಮುಗಿದ 23ರ ಹುಡುಗ, ಹಚ್ಚುವುದು ಹಲ್ಲಿನ ಮೇಲೆ, ಪೇಸ್ಟ್ ಉಗುಳುತ್ತಾನೆ. ಮುಂಬೈ ಕುಡಿಯುವುದು ತಾನ್ಸಾ, ಭಾತ್ಸಾ, ವೈತರಣಾದಂಥ ಜಲಾಶಯಗಳಲ್ಲಿ ನಿಂತ ಮಳೆ ನೀರು. ಅದು ಬೋರ್‌ವೆಲ್ ನೀರಿನ ಹಾಗೆ ಬಂಡೆಯೊಳಗೆ ವರ್ಷಗಟ್ಟಲೆ ಕೂತು ಬಂದದ್ದಲ್ಲ. ಇದನ್ನೆಲ್ಲ ಹುಡುಗನಿಗೆ ಮಾತ್ರ ಹೇಳಿದರೆ ಸಾಲದು ಅನ್ನಿಸಿತು. ಆ ಹಿರಿಯರನ್ನೂ ಕ್ಲಿನಿಕ್ಕಿಗೆ ಬರಹೇಳಿದೆ. ಬಂದರು. ಒಂದು ಗಂಟೆ ಮಾತಾಡಿದೆವು. ಹೋಗುವಾಗ, "ಹಂಗಾದ್ರ ಅವ ಹಚ್ಕೊಳ್ಳಲಿ ಬಿಡ್ರಿ" ಎಂದರು. ಈ ಇಡೀ ಚಿಕಿತ್ಸೆಯಲ್ಲಿ ನನಗೆ ಸಿಕ್ಕ ದೊಡ್ಡ ಸಹಾಯ ಅದು.

ನೀರಿನ ಬಗ್ಗೆ ಇನ್ನೊಂದು ಪ್ರಶ್ನೆಯೂ ಬಂತು, ಹೋಟೆಲಿನ ಆರ್‌ಒ ಮಿಷನ್ನಿನಿಂದ ಹೀಗಾಯಿತೇ ಎಂದು. ಆರ್‌ಒ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಹುಪಾಲು ತೆಗೆಯುತ್ತದೆ, ಹೌದು. ಕೆಲವು ಮಿಷನ್ನುಗಳು ಕೊನೆಯಲ್ಲಿ ಸ್ವಲ್ಪ ಖನಿಜ ಸೇರಿಸುವುದೂ ಉಂಟು. ಆದರೆ ಈ ಹುಡುಗನ ಹಲ್ಲಿನ ಗೆರೆಗೆ ಅದು ಕಾರಣವಲ್ಲ. ಅವನ ಜೊಲ್ಲಿನಲ್ಲಿ ಕ್ಯಾಲ್ಸಿಯಂ ಕಮ್ಮಿ ಇರಲಿಲ್ಲ. ಅದಕ್ಕೆ ಕೆಲಸ ಮಾಡಲು ಹೊತ್ತು ಸಿಗುತ್ತಿರಲಿಲ್ಲ.

ನವೆಂಬರ್: ನಾನು ತಪ್ಪಿದ್ದು

ನವೆಂಬರಿನಲ್ಲಿ ಬಂದ. ವಸಡು ಎಷ್ಟೋ ಚೆನ್ನಾಗಿತ್ತು, ರಕ್ತ ಬರುತ್ತಿರಲಿಲ್ಲ. ಗಾಳಿ ಊದಿ ನೋಡಿದೆ. ಮುಂದಿನ ನಾಲ್ಕು ಹಲ್ಲಿನ ಗೆರೆ ಸ್ವಲ್ಪ ನುಣುಪಾಗಿದ್ದವು. ಎರಡು ಕೋರೆಹಲ್ಲಿನವು ಹಾಗೇ ಒರಟು, ಹಾಗೇ ಸೀಮೆಸುಣ್ಣ. ಅಷ್ಟೇ ಅಲ್ಲ, ಕೆಳಗಿನ ಬಲಗಡೆ ದವಡೆಹಲ್ಲಿನ ಕೆನ್ನೆಯ ಬದಿಯಲ್ಲಿ ಹೊಸದೊಂದು ಬಿಳಿ ಮಚ್ಚೆ.

ನಾನು ಹುಡುಗನನ್ನು ಅನುಮಾನಿಸಿದೆ. ಚಹಾ ಲೆಕ್ಕ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಸ್ವಲ್ಪ ಗಟ್ಟಿಯಾಗೇ ಕೇಳಿದೆ. ಅವನು ಮುಖ ಬಾಡಿಸಿಕೊಂಡು, "ದೇವ್ರಾಣೆ ನಾಲ್ಕೇ ಡಾಕ್ಟ್ರೇ" ಎಂದ. ಬರೆದಿಟ್ಟ ಚೀಟಿಯನ್ನೂ ತೋರಿಸಿದ. ದಿನದಿನದ ಲೆಕ್ಕ, ಗಂಟೆ ಸಮೇತ. ಆ ದಿನ ಅವನನ್ನು ಕಳಿಸಿದ ರೀತಿ ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ಮರು ಭಾನುವಾರ ಬೆಳಿಗ್ಗೆ ಅವನ ಹೋಟೆಲಿಗೆ ಹೋಗಿ ಕೂತೆ. ಇಡ್ಲಿ ತಿಂದೆ. ಕಾಫಿಗೆ ಹೇಳಿ ಸುಮ್ನೆ ಅವನನ್ನೇ ನೋಡುತ್ತಿದ್ದೆ. ಕೌಂಟರ್ ಇರುವುದು ಗಲ್ಲಾ ಪಕ್ಕದಲ್ಲಿ. ಗಲ್ಲಾ ಮೇಲೆ ಒಂದು ಸ್ಟೀಲ್ ಬಟ್ಟಲು. ಅದರಲ್ಲಿ ಸೋಂಪು, ಕೆಂಪು, ಹಸಿರು, ಬಿಳಿ ಸಕ್ಕರೆ ಮೆತ್ತಿದ್ದು, ಜೊತೆಗೆ ಕಲ್ಲುಸಕ್ಕರೆ ಚೂರು. ಬಿಲ್ ಕೊಟ್ಟು ಹೋಗುವವರು ಒಂದೊಂದು ಚಮಚ ತಗೊಳ್ಳುತ್ತಾರೆ.

ಹುಡುಗ ಡಿಕಾಕ್ಷನ್ ಸುರಿದ, ಹಾಲು ಎತ್ತರದಿಂದ ಎಳೆದ, ಡಬರಾ ಮುಂದೆ ತಳ್ಳಿದ. ಎಡಗೈ ಹಾಗೇ ಬಟ್ಟಲಿಗೆ ಹೋಯಿತು. ಎರಡು ಬೆರಳಲ್ಲಿ ಒಂದು ಚಿಟಿಕೆ. ಬಾಯಿಗೆ. ಕೆನ್ನೆಯ ಮೂಲೆಗೆ ಒತ್ತಿ ಇಟ್ಟುಕೊಂಡ. ಮತ್ತೆ ಡಿಕಾಕ್ಷನ್. ಹತ್ತು ನಿಮಿಷ ಕಳೆಯಿತು. ಮತ್ತೆ ಎಡಗೈ, ಮತ್ತೆ ಚಿಟಿಕೆ. ನಾನು ಕೂತಿದ್ದ ನಲವತ್ತು ನಿಮಿಷದಲ್ಲಿ ಐದು ಸಲ. ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣು ಒಂದು ಸಲವೂ ಬಟ್ಟಲಿನ ಕಡೆ ಹೋಗಲಿಲ್ಲ.

ಹೊಸ ಮಚ್ಚೆ ಬಂದದ್ದು ಆ ಕೆನ್ನೆಯ ಬದಿಯಲ್ಲೇ.

ಬಿಲ್ ಕೊಡುವಾಗ ಕೇಳಿದೆ, ಇದನ್ನು ಚೀಟಿಯಲ್ಲಿ ಯಾಕೆ ಬರೆಯಲಿಲ್ಲ ಎಂದು. ಅವನಿಗೆ ಆಶ್ಚರ್ಯ. "ಅದು ತಿಂಡಿ ಅಲ್ವಲ್ಲ ಡಾಕ್ಟ್ರೇ, ಸೋಂಪಲ್ವಾ! ಚಾ ಕಮ್ಮಿ ಮಾಡಿದ ಮೇಲೆ ಬಾಯಿ ಒಂಥರಾ ಆಗ್ತಿತ್ತು. ಅದಕ್ಕೆ ಸ್ವಲ್ಪ ಜಾಸ್ತಿ ಆಗಿರ್ಬೇಕು."

ತಪ್ಪು ಅವನದಲ್ಲ. ನಾನು ಕೇಳಿದ್ದು ಏನು ತಿಂದೆ, ಏನು ಕುಡಿದೆ ಎಂದು. ಬಾಯಿಗೆ ಏನೇನು ಹಾಕಿಕೊಂಡೆ ಎಂದು ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನೇ ಐದು ಚಹಾ ಕಿತ್ತುಕೊಂಡು ಅದರ ಜಾಗದಲ್ಲಿ ಏನನ್ನೂ ಕೊಟ್ಟಿರಲಿಲ್ಲ. ಖಾಲಿ ಜಾಗಕ್ಕೆ ಸೋಂಪು ಬಂದು ಕೂತಿತ್ತು. ಚಹಾವಾದರೂ ಐದು ನಿಮಿಷಕ್ಕೆ ಮುಗಿಯುತ್ತದೆ. ಸಕ್ಕರೆ ಸೋಂಪು ಕೆನ್ನೆಯಲ್ಲಿ ಕೂತು ನಿಧಾನ ಕರಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹಾಕಿಕೊಂಡರೆ ಪಾಚಿಯ ಪಿಎಚ್ ಮೇಲೇರುವ ಮೊದಲೇ ಮತ್ತೆ ಇಳಿಯುತ್ತದೆ. ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನದ ತನಕ ಆ ಬಾಯಿಗೆ ಒಂದೇ ಒಂದು ಬಿಡುವು ಸಿಕ್ಕಿರಲಿಲ್ಲ. ಅಂಥ ಬಾಯಿಯಲ್ಲಿ ವಾರ್ನಿಷ್ ಹಚ್ಚಿದ್ದು ತಳ ಸೋರುವ ಕೊಡಕ್ಕೆ ನೀರು ಹೊತ್ತ ಹಾಗೆ.

ಆ ಭಾನುವಾರದ ನಂತರ ನಾನು ಕ್ಲಿನಿಕ್ಕಿನ ಫಾರಂ ಬದಲಿಸಿದೆ. ಮೊದಲಿನ ಪ್ರಶ್ನೆ ತೆಗೆದು, "ಕೆಲಸದ ಜಾಗದಲ್ಲಿ ಕೈಗೆ ಸಿಗುವ ಹಾಗೆ ಏನಿದೆ?" ಎಂದು ಬರೆಸಿದೆ. ಉತ್ತರಗಳು ಬೇರೆಯೇ ಬರುತ್ತಿವೆ. ಟೀಚರುಗಳಿಗೆ ಗಂಟಲಿನ ಪೆಪ್ಪರ್‌ಮಿಂಟ್, ಡ್ರೈವರುಗಳಿಗೆ ಸ್ಟಿಯರಿಂಗ್ ಪಕ್ಕದ ಚಾಕೊಲೇಟ್, ಮನೆಯಲ್ಲಿರುವ ಹಿರಿಯರಿಗೆ ದೇವರ ಪ್ರಸಾದದ ಕಲ್ಲುಸಕ್ಕರೆ.

ಆಮೇಲೆ

ಎರಡನೇ ಸುತ್ತಿನಲ್ಲಿ ಬದಲಾದದ್ದು ಕಮ್ಮಿ. ಹುಡುಗನೇ ಒಂದು ಸಣ್ಣ ಡಬ್ಬಿಯಲ್ಲಿ ಹುರಿದ ಬರೀ ಸೋಂಪು ತುಂಬಿ, ಕೌಂಟರಿನ ಎಡಬದಿಗೆ ಇಟ್ಟುಕೊಂಡ. ಕೈ ಹೋಗುವುದನ್ನು ನಿಲ್ಲಿಸಲು ಹೋಗಲಿಲ್ಲ, ಕೈಗೆ ಸಿಗುವುದನ್ನು ಬದಲಿಸಿದ. ಇದು ನಾನು ಹೇಳಿಕೊಟ್ಟದ್ದಲ್ಲ, ಅವನದೇ ಬುದ್ಧಿ. ಸಕ್ಕರೆ ಇಲ್ಲದ ಸೋಂಪು ಅಗಿದರೆ ಜೊಲ್ಲು ಚೆನ್ನಾಗಿ ಊರುತ್ತದೆ, ಹಲ್ಲಿಗೆ ಒಳ್ಳೆಯದೇ ಆಯಿತು. ಸೇಠ್ ಬಟ್ಟಲನ್ನು ಗಲ್ಲಾದ ಆಚೆ ಬದಿಗೆ ಸರಿಸಿದರು, ಕೇಳಿದ ಕೂಡಲೇ.

ವಾರ್ನಿಷ್ ನವೆಂಬರಿನಲ್ಲಿ ಮತ್ತೆ ಹಚ್ಚಿದೆ. 2024ರ ಫೆಬ್ರವರಿಯಲ್ಲಿ ಮೂರನೇ ಸಲ. ಹಾಲಿನ ಕೇಸಿನ್ ಎಂಬ ಪ್ರೋಟೀನ್‌ನಿಂದ ಮಾಡಿದ ಒಂದು ಪೇಸ್ಟ್ ಬರುತ್ತದೆ, ಕ್ಯಾಲ್ಸಿಯಂ-ಫಾಸ್ಫೇಟನ್ನು ಹಲ್ಲಿನ ಮೇಲೆ ಹಿಡಿದಿಡುವಂಥದ್ದು. ಬೇಕಾದರೆ ಅದನ್ನೂ ಕೊಡಬಹುದಿತ್ತು. ಬೆಲೆ ಜಾಸ್ತಿ. ಈ ಹುಡುಗನಿಗೆ ಫ್ಲೋರೈಡ್ ಮತ್ತು ಬಿಡುವು ಸಾಕು ಅನ್ನಿಸಿತು, ಕೊಡಲಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಮೊದಲೇ ನಿಲ್ಲಿಸಿದ್ದೆ. ಅದರ ದುಡ್ಡಿಗೆ ಪೇಸ್ಟ್ ಬಂತು.

ಹತ್ತನೇ ತಿಂಗಳು, 2024ರ ಜೂನ್. ಮತ್ತೆ ಅದೇ ಕುರ್ಚಿ, ಅದೇ ಗಾಳಿ, ಐದು ಸೆಕೆಂಡ್. ಮೊಂಡು ಪ್ರೋಬ್ ಇಟ್ಟು ಸವರಿದೆ. ಕೋರೆಹಲ್ಲಿನ ಮೇಲೆ ಅದು ಜಾರಿತು. ಮೊದಲ ಸಲ ಸಿಮೆಂಟ್ ಗೋಡೆಯ ಮೇಲೆ ಎಳೆದ ಹಾಗಿತ್ತು, ಈಗ ಗಾಜಿನ ಮೇಲೆ ಎಳೆದ ಹಾಗೆ. ಕೈಗೆ ಗೊತ್ತಾಗುವ ಆ ವ್ಯತ್ಯಾಸವನ್ನು ನಾನು ಯಾವ ಫೋಟೋದಲ್ಲೂ ತೋರಿಸಲಾರೆ. ಮುಂದಿನ ನಾಲ್ಕರಲ್ಲಿ ಎರಡು ಹಲ್ಲಿನ ಗೆರೆ, ಒಣಗಿಸಿದರೂ ಹುಡುಕಬೇಕಾದಷ್ಟು ಸಣ್ಣದಾಗಿತ್ತು. ಉಳಿದ ಎರಡರಲ್ಲಿ ಮತ್ತು ಕೋರೆಹಲ್ಲುಗಳಲ್ಲಿ ಬಿಳಿ ಇನ್ನೂ ಇತ್ತು, ಆದರೆ ಹೊಳೆಯುವ ಬಿಳಿ. ವಸಡಿನಿಂದ ಸ್ವಲ್ಪ ದೂರ ಸರಿದ ಹಾಗೆ ಕಾಣುತ್ತಿತ್ತು. ಗೆರೆ ಸರಿದದ್ದಲ್ಲ, ಊದಿದ್ದ ವಸಡು ಇಳಿದದ್ದು. ಕೆನ್ನೆ ಬದಿಯ ಹೊಸ ಮಚ್ಚೆ ಬೆಳೆಯದೆ ನಿಂತಿತ್ತು.

"ಇದು ಪೂರ್ತಿ ಹೋಗ್ತದಾ?" ಎಂದು ಕೇಳಿದ.

ಹೋಗಲಿಕ್ಕಿಲ್ಲ ಎಂದೇ ಹೇಳಿದೆ. ಮೇಲಿನ ಪದರ ಗಟ್ಟಿಯಾದ ಮೇಲೆ ಒಳಗೆ ಖನಿಜ ಹೋಗುವ ದಾರಿ ಕಿರಿದಾಗುತ್ತದೆ. ಒಳಗಿನ ಟೊಳ್ಳು ಪೂರ್ತಿ ತುಂಬುವುದು ಕಮ್ಮಿ. ರೋಗ ನಿಂತಿದೆ, ಗುರುತು ಉಳಿದಿದೆ. ಆ ಗುರುತೂ ಕಾಣಬಾರದು ಅನ್ನಿಸಿದರೆ, ರೆಸಿನ್ ಎಂಬ ತೆಳುವಾದ, ಆಮೇಲೆ ಗಟ್ಟಿಯಾಗುವ ದ್ರವ ಹೀರಿಸಿ ಟೊಳ್ಳು ತುಂಬುವ ವಿಧಾನ ಇದೆ. ಅದಕ್ಕೂ ಕೊರೆಯಬೇಕಿಲ್ಲ. ಖರ್ಚು ಹೇಳಿದೆ. ಅವನು ಕನ್ನಡಿಯಲ್ಲಿ ತುಂಬಾ ಹೊತ್ತು ನೋಡಿಕೊಂಡ. "ಈಗ ಬೇಡ. ಮನೆಗೆ ಹೆಂಚು ಹಾಕ್ಸುದುಂಟು" ಎಂದ. ಸೇಠ್ ಕೊಡಲು ಒಪ್ಪಿದ್ದ ಸಾಲವನ್ನು ಅವನು ಅದಕ್ಕೆ ತಗೊಂಡಿದ್ದ.

ಇನ್ನು ಉಳಿದದ್ದು ಮೇಲಿನ ಎಡಗಡೆಯ ಸಣ್ಣ ದವಡೆಹಲ್ಲು, ಸಂದಿಯಲ್ಲಿ ನೆರಳಿದ್ದದ್ದು. ಅಲ್ಲಿ ಪ್ರೋಬ್ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಆಗಸ್ಟಿನಲ್ಲಿ, ಸರಿಯಾಗಿ ಒಂದು ವರ್ಷಕ್ಕೆ, ಮತ್ತೆ ಎಕ್ಸ್‌ರೇ ತೆಗೆದು ಎರಡು ಫಿಲ್ಮ್‌ಗಳನ್ನೂ ದೀಪದ ಮುಂದೆ ಪಕ್ಕಪಕ್ಕ ಹಿಡಿದು ನೋಡಿದೆ. ನೆರಳು ಇದ್ದಲ್ಲೇ ಇದೆ. ಮುಂದೆ ಹೋಗಿಲ್ಲ, ಹಿಂದೆಯೂ ಬಂದಿಲ್ಲ. ರಾತ್ರಿ ಬ್ರಷ್ ಆದ ಮೇಲೆ ಆ ಸಂದಿಯಲ್ಲಿ ದಾರ ಎಳೆಯುವುದನ್ನು ತೋರಿಸಿಕೊಟ್ಟೆ. ಮೊದಲ ದಿನ ಅವನ ದಪ್ಪ ಬೆರಳಿಗೆ ದಾರ ಸಿಗಲೇ ಇಲ್ಲ. ಮೂರನೇ ಸಲಕ್ಕೆ ಸಂದಿಗೆ ಇಳಿಯಿತು. 2025ರ ಫೆಬ್ರವರಿಯಲ್ಲಿ ವಾರ್ನಿಷ್, ಆಗಸ್ಟಿ‌ನಲ್ಲಿ ಮತ್ತೊಂದು ಎಕ್ಸ್‌ರೇ. ಎರಡೂ ಬುಧವಾರವೇ ಎಂದು ಆಗಲೇ ಬರೆದಿಟ್ಟೆ.